ಸೀರೆ ಕೇಳಿದ ದೆವ್ವ

ದೇವಮ್ಮಕ್ಕ ನಕ್ಕರೆ ಕೆನಾಲಿನಲ್ಲಿ ಮುಳುಗಿ ಕೂತ ಎಮ್ಮೆಗಳು ಎದ್ದು ದಂಡೆಗೆ ಬರುತ್ತಿದ್ದವು. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ, ಹಾಗಾಗಿ ಈ ವಿಷಯದಲ್ಲಿ ಯಾರೂ ನನ್ನೊಡನೆ ವಾದಕ್ಕೆ ಇಳಿಯಬಾರದು. ನಗು ಮೊದಲು ಸಣ್ಣ ಕೆಮ್ಮಿನಂತೆ ಶುರುವಾಗುತ್ತಿತ್ತು. ಆಮೇಲೆ ಒಮ್ಮೆಗೇ ಬಾಯಿಬಿಟ್ಟು ಓಣಿಯ ಆ ತುದಿಯವರೆಗೆ ಹೋಗುತ್ತಿತ್ತು. ಕೊನೆಗೆ ಉಸಿರು ಸಾಲದೆ ಎಳೆದೆಳೆದು, ನಗುತ್ತಿದ್ದಾಳೋ ಅಳುತ್ತಿದ್ದಾಳೋ ತಿಳಿಯದ ಒಂದು ಸ್ವರದಲ್ಲಿ ನಿಲ್ಲುತ್ತಿತ್ತು. ಆಗ ತಾನೇ ಕೂಸನ್ನು ಮಲಗಿಸಿದ ಬಾಣಂತಿಯರು ಒಳಗಿನಿಂದಲೇ ಶಾಪ ಹಾಕುತ್ತಿದ್ದರು. ದೇವಮ್ಮಕ್ಕ ಅದಕ್ಕೂ ನಗುತ್ತಿದ್ದಳು.

ನಾನು ಗೋಗಿಯ ಶಾಲೆಯಲ್ಲಿ ಮಾಸ್ತರನಾಗಿದ್ದಾಗ ನನ್ನ ಬಾಡಿಗೆ ಮನೆಗೂ ಅವಳ ಮನೆಗೂ ನಡುವೆ ಒಂದೇ ಗೋಡೆ. ಅದು ಹೆಸರಿಗಷ್ಟೇ ಗೋಡೆ. ನಮ್ಮ ಮನೆಯ ಒಗ್ಗರಣೆ ಅವಳ ಮೂಗಿಗೆ, ಅವಳ ಬೈಗುಳ ನಮ್ಮ ಕಿವಿಗೆ. ಎತ್ತರದ ಹೆಂಗಸು, ಒಣಕಲು ಮೈ, ಹಣೆಯ ತುಂಬ ಕುಂಕುಮ; ನಡೆದರೆ ಯಾರೊಡನೆಯೋ ಜಗಳಕ್ಕೆ ಹೊರಟವಳಂತೆ ನಡೆಯುವಳು. ನಾಟಿಯ ಕಾಲದಲ್ಲಿ ಹೆಂಗಸರ ಗುಂಪು ಕಟ್ಟಿಕೊಂಡು ಭತ್ತದ ಗದ್ದೆಗೆ ಹೋಗುತ್ತಿದ್ದಳು, ಉಳಿದಂತೆ ಹತ್ತಿ ಬಿಡಿಸಲು. ಜೋಳ, ತೊಗರಿ ಬಿಟ್ಟು ಬೇರೇನೂ ಕಾಣದಿದ್ದ ಆ ನೆಲಕ್ಕೆ ಕೆನಾಲು ಬಂದ ಮೇಲೆ ಕೆಲಸ ಹುಡುಕಿಕೊಂಡು ಹೊಸಬರು ಬಹಳ ಬಂದರು. ಅವಳೂ ಹಾಗೆ ಬಂದವಳು.

"ನೀರ್ ಬಂದ ಮ್ಯಾಲ ಈ ಊರಿಗಿ ಸೊಳ್ಳಿ ಬಂದ್ವು, ಕಪ್ಪಿ ಬಂದ್ವು, ನಾ ಬಂದೆ," ಎನ್ನುತ್ತಿದ್ದಳು. "ಮೂರರಾಗ ಒದರಾಕಿ ನಾನೇ ಜಾಸ್ತಿ."

ಅವಳ ತವರು ಕೆಂಭಾವಿ. ಗಂಡ ಇನ್ನೊಬ್ಬಳನ್ನು ಮನೆಗೆ ತಂದಾಗ ಇವಳು ಗಂಟು ಕಟ್ಟಿಕೊಂಡು ಅಣ್ಣನ ಬಾಗಿಲಿಗೆ ಹೋದಳು. ಅಣ್ಣ ಭೀಮಣ್ಣನೆಂದರೆ ತಂದೆಯಿಲ್ಲದ ಮನೆಯಲ್ಲಿ ಅವಳನ್ನು ಹೆಗಲ ಮೇಲೆ ಹೊತ್ತು ಬೆಳೆಸಿದವನು. ಅವನೇ "ಗಂಡನ ಮನ್ಯಾಗ ಹೊಂದ್ಕೊಂಡು ಬಾಳುವಿ ಮಾಡು, ಹೋಗು" ಎಂದ. ಇವಳು ಒಲ್ಲೆ ಎಂದಳು. ಇಬ್ಬರೂ ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು, ಹಟದಲ್ಲಿ ಯಾರೂ ಕಡಿಮೆಯಲ್ಲ. ಮಾತಿಗೆ ಮಾತು ಬೆಳೆದು, ಓಣಿಯವರೆಲ್ಲ ನೋಡುತ್ತಿರುವಾಗ ಅವನು ಒಂದು ಕೊಡ ನೀರೆತ್ತಿ ತನ್ನ ತಲೆಯ ಮೇಲೆ ಸುರಿದುಕೊಂಡ. ನಮ್ಮ ಕಡೆ ಸತ್ತವರ ಮಣ್ಣಿಗೆ ಹೋಗಿ ಬಂದವರು ಹಾಗೆ ತಲೆಗೆ ನೀರು ಹಾಕಿಕೊಳ್ಳುತ್ತಾರೆ. ಜೀವಂತ ನಿಂತವಳ ಎದುರಿಗೆ ಹಾಗೆ ಮಾಡಿದರೆ ಅದಕ್ಕೆ ಅರ್ಥ ಒಂದೇ. ನೀನು ನನ್ನ ಪಾಲಿಗೆ ಸತ್ತೆ ಎಂದು.

ಈ ಕತೆಯನ್ನು ಅವಳು ನಮಗೆ ಹೇಳಿದ್ದೂ ನಗುತ್ತಲೇ. "ಥಂಡಿ ದಿನ ರೀ ಮಾಸ್ತರ. ಸತ್ತಾಕಿ ನಾನು, ಗಡಗಡ ನಡಗಿದಾಂವ ಅಂವ!" ನನ್ನ ಹೆಂಡತಿ ಕಣ್ಣೊರೆಸಿಕೊಂಡಳು. ದೇವಮ್ಮಕ್ಕ ಅವಳ ಬೆನ್ನು ತಟ್ಟಿ, ಒಲೆಯ ಮೇಲಿನ ಚಹಾ ಉಕ್ಕುತ್ತಿದೆ ನೋಡು ಎಂದಳು.

ಇಂಥವಳ ಬಾಳಿಗೆ ಸಿನಿಮಾ ಬಂದದ್ದು ಹಣಮಂತನಿಂದ. ಶಹಾಪುರದಲ್ಲಿ ಮದುವೆಗಳ ವಿಡಿಯೊ ತೆಗೆಯುತ್ತಿದ್ದ ಯುವಕ. ಮದುವಣಗಿತ್ತಿಯ ತಲೆಯ ಸುತ್ತ ಗುಲಾಬಿ ಹೂ ತಿರುಗಿಸುವುದು, ಮಾವನ ಮುಖವನ್ನು ಚಂದ್ರನೊಳಗೆ ಕೂಡಿಸುವುದು, ಇಂಥ ಕೆಲಸದಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಅವನಿಗೆ ಒಮ್ಮೆ ಸಿನಿಮಾದ ಹುಚ್ಚು ಹತ್ತಿತು. ದೆವ್ವದ ಸಿನಿಮಾ ಆದರೆ ಹೀರೋಯಿನ್ ಬೇಕಿಲ್ಲ, ಹಾಡು ಬೇಕಿಲ್ಲ, ಒಳ್ಳೆಯ ಬಟ್ಟೆಯೂ ಬೇಕಿಲ್ಲ ಎಂಬ ಲೆಕ್ಕಾಚಾರದ ಮೇಲೆ ಅವನು ದೆವ್ವವನ್ನೇ ಹಿಡಿದುಕೊಂಡ. ಶಾಲೆಯ ಗ್ಯಾದರಿಂಗಿಗೆ ನಾಟಕ ಬರೆಯುವವನೆಂದು ನನ್ನನ್ನು ಹುಡುಕಿಕೊಂಡು ಗೋಗಿಗೆ ಬಂದ. ಹೆಸರನ್ನು ಮೊದಲೇ ಇಟ್ಟುಬಿಟ್ಟಿದ್ದ: 'ಕೆನಾಲ್ ದೆವ್ವ'. ಕೆನಾಲಿಗೆ ಬಿದ್ದು ಸತ್ತ ಹೆಣ್ಣೊಬ್ಬಳು ದಂಡೆಯ ಮೇಲೆ ಹಾದುಹೋಗುವವರ ನೆತ್ತರು ಕುಡಿಯುತ್ತಾಳೆ, ಅಷ್ಟೇ ಕತೆ. ಬರೆದುಕೊಟ್ಟದ್ದಕ್ಕೆ ನನಗೆ ಮಂತ್ರವಾದಿಯ ಪಾರ್ಟು ಬಹುಮಾನವಾಗಿ ಸಿಕ್ಕಿತು.

ಎಲ್ಲ ಸಿಕ್ಕರೂ ದೆವ್ವ ಸಿಗಲಿಲ್ಲ. ಸತ್ತವಳ ಪಾರ್ಟು ಮಾಡಿದ ಹುಡುಗಿಗೆ ಆಮೇಲೆ ವರ ಎಲ್ಲಿಂದ ತರುವುದು ಎಂದು ಹೆತ್ತವರು ಬಾಗಿಲು ಹಾಕಿಕೊಂಡರು. ಮದುವೆಯಾದವರನ್ನು ಕೇಳಿದರೆ ಗಂಡಂದಿರು ಕಟ್ಟಿಗೆ ಹಿಡಿದರು. ನಾನೂ ಹಣಮಂತನೂ ನನ್ನ ಮನೆಯ ಪಡಸಾಲೆಯಲ್ಲಿ ತಲೆ ಮೇಲೆ ಕೈಹೊತ್ತು ಕೂತಿದ್ದಾಗ ಗೋಡೆಯ ಆಚೆಯಿಂದ ದನಿ ಬಂತು.

"ನಾ ಆಗ್ತೀನಿ ನಿಮ್ಮ ದೆವ್ವ. ನಮ್ಮಣ್ಣ ಯಾವಾಗೋ ನನ್ನ ಸಾಯ್ಸ್ಯಾನ. ಅವಾಗಿಂದ ದೆವ್ವಾಗಿ ಖಾಲಿನೇ ಕುಂತೀನಿ."

ಬಂದು ಕೂತು ಕತೆ ಕೇಳಿದಳು. ಕೇಳುತ್ತ ಕೇಳುತ್ತ ಮುಖ ಹುಳ್ಳಗೆ ಮಾಡಿಕೊಂಡಳು.

"ನೆತ್ತರ ಕುಡದು ಏನ್ ಮಾಡ್ತಾಳ್ರಿ ಆಕಿ? ಹೊಟ್ಟಿ ಇದ್ದೋರಿಗಿ ಹಸಿವಿ ಇರ್ತದ. ಸತ್ತ ಹೆಣ್ಣಿಗಿ ಬೇಕಾಗಿದ್ದು ಒಂದೇ ನೋಡ್ರಿ, ತವರುಮನಿ ಸೀರಿ."

ಇಲ್ಲಿ ಸ್ವಲ್ಪ ವಿವರಿಸಬೇಕು. ನಮ್ಮ ಸೀಮೆಯಲ್ಲಿ ಹೆಣ್ಣು ಎಲ್ಲೇ ಸತ್ತರೂ ತವರಿಗೆ ಸುದ್ದಿ ಹೋಗಬೇಕು, ಅಣ್ಣನೋ ತಮ್ಮನೋ ಒಂದು ಹೊಸ ಸೀರೆ ತಂದು ಹೊದಿಸಬೇಕು, ಆಮೇಲೆಯೇ ಹೆಣ ಏಳುವುದು. ಎಷ್ಟೇ ದೊಡ್ಡ ಮನೆಗೆ ಕೊಟ್ಟಿರಲಿ, ಮೈಮೇಲೆ ಬಂಗಾರವೇ ಇರಲಿ, ತವರಿನ ಸೀರೆಯಿಲ್ಲದೆ ಮಣ್ಣಿಗೆ ಹೋದರೆ ಅನಾಥೆಯಾಗಿ ಹೋದಳು ಎನ್ನುತ್ತಾರೆ. ದೇವಮ್ಮಕ್ಕನ ದೆವ್ವ ಆ ಸೀರೆಗಾಗಿ ಅಲೆಯುವ ದೆವ್ವ.

ಹಣಮಂತ ಒಪ್ಪಲಿಲ್ಲ. "ದೇವಮ್ಮಕ್ಕ, ಸೀರಿ ಕೇಳೋ ದೆವ್ವಕ್ಕ ಯಾರ್ ಅಂಜ್ತಾರಬೇ?"

"ಅಕ್ಕ ತಂಗ್ಯಾರು ಇದ್ದೋರು ಅಂಜ್ತಾರ, ತಗಿ."

ನಾನು ಅವಳ ಕಡೆಗೆ ವಾಲಿದೆ. ನನಗೂ ಇಬ್ಬರು ಅಕ್ಕಂದಿರಿದ್ದಾರೆ. ಹಣಮಂತ ಗೊಣಗುತ್ತ ಒಪ್ಪಿದ.

ಅವನ ಹತ್ತಿರ ಇದ್ದದ್ದು ಒಂದು ಕ್ಯಾಮೆರಾ, ಮದುವೆಯಲ್ಲಿ ಹಿಡಿಯುವ ಒಂದು ಲೈಟು. ಕತ್ತಲಲ್ಲಿ ಆ ಲೈಟು ಹಾಕಿದರೆ ಗದ್ದೆಯ ಹುಳುವೆಲ್ಲ ಕ್ಯಾಮೆರಾಕ್ಕೆ ಮುತ್ತುತ್ತಿದ್ದವು, ದೆವ್ವ ಕಾಣುತ್ತಿರಲಿಲ್ಲ. ಅದಕ್ಕೇ ಮಟಮಟ ಮಧ್ಯಾಹ್ನ ಶೂಟಿಂಗ್. ನೋಡುವವರು ನಗುತ್ತಾರೆಂದು ಅವನಿಗೆ ಅಳುಕು. ಆದರೆ ನಮ್ಮ ಹಿರಿಯರು ಮಕ್ಕಳನ್ನು ಹೆದರಿಸಿದ್ದೇ ಮಧ್ಯಾಹ್ನದ ಹೆಸರಿನಲ್ಲಿ. ಸೂರ್ಯ ನೆತ್ತಿಯ ಮೇಲಿದ್ದಾಗ ಹಳ್ಳ, ಹುಣಸೆಮರದ ಕಡೆ ಸುಳಿಯಬೇಡಿ, ದೆವ್ವ ಬಡಕೊಳ್ಳುತ್ತದೆ ಎಂದೇ ಹೇಳುತ್ತಿದ್ದರು. ಬಿಸಿಲಿನಲ್ಲಿ ಬೆಳ್ಳಗೆ ಉರಿಯುವ ಕೆನಾಲ್ ದಂಡೆ, ಒಂದು ನರಪಿಳ್ಳೆಯಿಲ್ಲ, ದೂರದಲ್ಲಿ ಒಬ್ಬಳು ನಿಂತಿದ್ದಾಳೆ. ಅದನ್ನು ಈಗ ನೋಡಿದರೂ ನನ್ನ ಬೆನ್ನು ತಣ್ಣಗಾಗುತ್ತದೆ.

ಉಡುಪಿನ ವಿಷಯಕ್ಕೂ ಜಗಳವಾಯಿತು. ಹಣಮಂತ ಬಿಳಿ ಸೀರೆ ತಂದಿದ್ದ. "ಬಿಳಿ ಸೀರಿ ಉಟ್ಟು ಗದ್ಯಾಗ ನಿಂತ್ರ ನನ್ನ ದೆವ್ವ ಅನ್ನೋದಿಲ್ಲ, ಕೊಕ್ಕರಿ ಅಂತಾರ," ಎಂದಳು. "ಸೀರಿ ಇಲ್ಲಂತ ಅಳೋ ದೆವ್ವ ಸೀರಿ ಉಟ್ಟು ಬಂದ್ರ ಮಂದಿ ಚಪ್ಪಲಿ ತಗೋತಾರ." ನಾಟಿ ಮಾಡುವ ಹೆಂಗಸರು ಸೊಂಟಕ್ಕೆ ಕಟ್ಟಿಕೊಳ್ಳುವ ಗೊಬ್ಬರದ ಪ್ಲಾಸ್ಟಿಕ್ ಚೀಲಗಳನ್ನು ಹರಿದು, ಹೊಲಿದು, ತನ್ನ ಹಳೆಯ ಸೀರೆಯ ಮೇಲೆ ಕುತ್ತಿಗೆಯಿಂದ ಹಿಮ್ಮಡಿಯವರೆಗೆ ಸುತ್ತಿಕೊಂಡಳು. ಅವಳು ನಡೆದರೆ ಪರಪರ, ಪರಪರ ಎಂದು ಸದ್ದು. ಸಿನಿಮಾದಲ್ಲಿ ಬೇರೆ ಸಂಗೀತವೇ ಇಲ್ಲ. ಆ ಪರಪರ ಕೇಳಿಸಿತೆಂದರೆ ದೆವ್ವ ಬಂತೆಂದು ಅರ್ಥ.

ಅದು ಎಷ್ಟು ಕೆಲಸ ಮಾಡಿತೆಂಬುದು ಮೊದಲ ದಿನವೇ ಗೊತ್ತಾಯಿತು. ಅವಳು ಕೆನಾಲಿನ ಸೇತುವೆಯ ಮೇಲೆ ಕೂದಲು ಬಿಚ್ಚಿಕೊಂಡು ನಿಂತಿದ್ದಳು. ನಾವು ದೂರದ ಜಾಲಿಯ ಮರೆಯಲ್ಲಿ ಕ್ಯಾಮೆರಾ ಹಚ್ಚಿದ್ದೆವು. ಅಷ್ಟರಲ್ಲಿ ಶಹಾಪುರದಿಂದ ಮಂದಿಯನ್ನು ತುಂಬಿಕೊಂಡ ಆಟೋ ಬಂತು. ಡ್ರೈವರ್ ಮಹಿಬೂಬ ಅವಳನ್ನು ನೋಡಿದ, ಬ್ರೇಕ್ ಹಾಕಿದ, ಇಳಿದ, ನೆಟ್ಟಗೆ ಭತ್ತದ ಗದ್ದೆಯೊಳಗೆ ಓಡಿದ. ಹಿಂದೆಯೇ ಮಂದಿ. ಇವಳು ಸುಮ್ಮನಿರಬೇಕಲ್ಲ, ಪರಪರ ಎನ್ನುತ್ತ ಅವರ ಬೆನ್ನು ಹತ್ತಿದಳು. "ಏ ತಮ್ಮಾ, ನಿಂದ್ರೋ! ಗಾಡಿ ಚಾಲೂ ಅದ, ಬಂದ್ ಮಾಡಿ ಓಡೋ!" ಅವನು ಇನ್ನೂ ಜೋರಾಗಿ ಓಡಿದ. ಹಣಮಂತ ಎಲ್ಲವನ್ನೂ ಹಿಡಿದಿದ್ದ, ಸಿನಿಮಾದಲ್ಲಿ ಹಾಗೇ ಇಟ್ಟ. ಕೆಸರಲ್ಲಿ ಮಿಂದು ಬಂದ ಮಹಿಬೂಬನನ್ನು ಚಹಾ ಕುಡಿಸಿ ಸಮಾಧಾನ ಮಾಡಿ, ದೆವ್ವದ ಅಣ್ಣನ ಪಾರ್ಟು ಅವನಿಗೇ ಕೊಟ್ಟೆವು.

ನನ್ನ ಗತಿಯೂ ಬೇರೆಯಾಗಲಿಲ್ಲ. ನಾನು ಭಸ್ಮ ಬಳಿದುಕೊಂಡು, ಮಂತ್ರ ಒದರಿ, ಕುಂಕುಮ ಹಚ್ಚಿದ ನಿಂಬೆಹಣ್ಣನ್ನು ಅವಳ ಮೇಲೆ ಎಸೆಯಬೇಕು, ಅವಳು ಒದ್ದಾಡಿ ಬೀಳಬೇಕು. ಎಸೆದೆ. ಅವಳು ಹಣ್ಣನ್ನು ಕೈಯಲ್ಲೇ ಹಿಡಿದು, ಮೂಸಿ ನೋಡಿ, ಚೀಲದೊಳಗೆ ಸೇರಿಸಿಕೊಂಡು, "ಉಪ್ಪಿನಕಾಯಿಗಿ ಆಗ್ತದ, ಇನ್ನೊಂದ್ ಒಗಿ" ಎಂದಳು. ಎಂದವಳೇ ಆ ತನ್ನ ನಗು ನಕ್ಕಳು. ನಾನು ಹಿಂದಕ್ಕೆ ಹೆಜ್ಜೆಯಿಟ್ಟವನು ಕೆನಾಲಿಗೆ ಬಿದ್ದೆ. ನನ್ನ ಬದುಕಿನಲ್ಲಿ ನಾನು ಕಲಿಸಿದ ಪಾಠ ಯಾರಿಗೂ ನೆನಪಿಲ್ಲ, ಬಿದ್ದದ್ದು ಇಡೀ ಜಿಲ್ಲೆಗೆ ನೆನಪಿದೆ.

ಕೊನೆಗೆ ಅಣ್ಣನ ದೃಶ್ಯ. ಮಹಿಬೂಬ ಸಂತೆ ಮುಗಿಸಿ ಕೈಚೀಲ ಹಿಡಿದು ದಂಡೆಯ ಮೇಲೆ ಬರುತ್ತಾನೆ, ದೆವ್ವ ಅಡ್ಡ ನಿಲ್ಲುತ್ತದೆ. "ಅಣ್ಣಾ, ಇವತ್ತ ನಿನ್ನ ಬಿಡೋದಿಲ್ಲ" ಎಂದು ನಾನು ಬರೆದಿದ್ದೆ. ಕ್ಯಾಮೆರಾ ಶುರುವಾಯಿತು. ದೇವಮ್ಮಕ್ಕ ಅಡ್ಡ ನಿಂತಳು, ಅವನ ಮುಖ ನೋಡಿದಳು, ಆಮೇಲೆ ಅವನ ಕೈಚೀಲ ನೋಡಿದಳು. ದೆವ್ವದ ದನಿ ಮಾಡಲಿಲ್ಲ. ಸಂತೆಯಿಂದ ಬಂದ ಅಣ್ಣನ ಕೈಯಿಂದ ಚೀಲ ಇಸಕೊಳ್ಳಲು ಬಾಗಿಲಿಗೆ ಓಡಿಬಂದ ಸಣ್ಣ ಹುಡುಗಿಯ ದನಿಯಲ್ಲಿ ಕೇಳಿದಳು.

"ಅಣ್ಣಾ, ಸೀರಿ ತಂದೀಯೇನು?"

ಮಹಿಬೂಬ ಮಾತು ಮರೆತ. ಅವನ ಕಣ್ಣು ತುಂಬಿದ್ದು ಸಿನಿಮಾದಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಅವನಿಗೆ ನಟನೆ ಬರುತ್ತಿರಲಿಲ್ಲ. ಹಣಮಂತ ಕ್ಯಾಮೆರಾ ನಿಲ್ಲಿಸುವುದನ್ನೇ ಮರೆತಿದ್ದ. ಇನ್ನೊಮ್ಮೆ ತೆಗೆಯೋಣವೆಂದು ಯಾರೂ ಹೇಳಲಿಲ್ಲ.

ಶಾಲೆಯ ಗೋಡೆಗೆ ಬಿಳಿ ಬಟ್ಟೆ ಕಟ್ಟಿ ಒಂದು ಸಂಜೆ ಊರವರಿಗೆ ತೋರಿಸಿದೆವು. ನಿಂಬೆಹಣ್ಣಿಗೆ ನಕ್ಕರು, ಆಟೋ ದೃಶ್ಯಕ್ಕೆ ಹೊಟ್ಟೆ ಹಿಡಿದುಕೊಂಡು ನಕ್ಕರು, ನಾನು ಬಿದ್ದಾಗ ನನ್ನ ವಿದ್ಯಾರ್ಥಿಗಳು ಸಿಳ್ಳೆ ಹೊಡೆದರು. ಸೀರೆಯ ಆ ಮಾತು ಬಂದಾಗ ಮಾತ್ರ ಬಯಲು ಗಪ್ಪಾಯಿತು. ಮುಗಿದ ಮೇಲೆ ಹೆಂಗಸರು ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತ ಎದ್ದರು. ದೆವ್ವದ ಸಿನಿಮಾಕ್ಕೆ ಯಾರಾದರೂ ಹಾಗೆ ಎದ್ದು ಹೋಗುತ್ತಾರೆಯೇ ಎಂದು ಹಣಮಂತ ತಲೆ ಕೆರೆದುಕೊಂಡ.

ಆಮೇಲೆ ಆದದ್ದಕ್ಕೆ ನಾವು ಯಾರೂ ಕಾರಣರಲ್ಲ. ಸಿನಿಮಾ ಸೀಡಿಯಾಗಿ ಶಹಾಪುರದ ಬಸ್‌ಸ್ಟ್ಯಾಂಡಿಗೆ ಬಂತು, ಅಲ್ಲಿಂದ ಸುರಪುರಕ್ಕೆ, ಯಾದಗಿರಿಗೆ ಹೋಯಿತು. ಕೆಲವು ವರ್ಷದ ನಂತರ ಮೊಬೈಲ್ ಅಂಗಡಿಯವರು ಮೆಮೊರಿ ಕಾರ್ಡಿಗೆ ಹಾಕಿಕೊಡತೊಡಗಿದರು. ಹಣಮಂತನ ಕೈಗೆ ಬಂದದ್ದು ಹೆಸರೊಂದೇ. ಒಮ್ಮೆ ನೋಡಿದವರು ಮತ್ತೆ ಮತ್ತೆ ನೋಡುತ್ತಿದ್ದರು, ಮಾತನ್ನು ದೆವ್ವಕ್ಕಿಂತ ಮೊದಲೇ ತಾವು ಹೇಳುತ್ತಿದ್ದರು. ಮದುವೆಯಲ್ಲಿ ಹೆಣ್ಣಿನ ಅಣ್ಣ ಗಂಟು ಹಿಡಿದು ಒಳಗೆ ಬಂದರೆ ಸಾಕು, ಹಿಂದಿನಿಂದ ಯಾರಾದರೂ "ಅಣ್ಣಾ, ಸೀರಿ ತಂದೀಯೇನು?" ಎನ್ನುವರು, ಚಪ್ಪರವೆಲ್ಲ ನಗುವುದು. ಪರೀಕ್ಷೆಯ ಕೋಣೆಯಲ್ಲಿ ಯಾರೋ ಪ್ಲಾಸ್ಟಿಕ್ ಹಾಳೆ ಪರಪರ ಅನ್ನಿಸಿದರೆ ಇಡೀ ತರಗತಿ ಬಾಗಿಲು ನೋಡುವುದು. ನನಗೆ ಬಸ್ಸಿನಲ್ಲಿ ಸೀಟು ಬಿಟ್ಟುಕೊಟ್ಟು, ಬದಲಿಗೆ ಮಂತ್ರ ಹೇಳಿರೆಂದು ಕೇಳುವರು. ಹೇಳುತ್ತಿದ್ದೆ. ಸೀಟು ಸಿಗುವುದಾದರೆ ಯಾಕೆ ಬೇಡ?

ದೇವಮ್ಮಕ್ಕ ಮಾತ್ರ ಈ ಹೆಸರಿಗೆಲ್ಲ ಕ್ಯಾರೇ ಅನ್ನಲಿಲ್ಲ. ಯಾರಾದರೂ ಸಿನಿಮಾ ನೋಡಿದೆವು ಎಂದು ಬಂದರೆ ಅವಳು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: "ಯಾವೂರು?" ಕೆಂಭಾವಿ ಎಂದರೆ ಚಹಾ ಕೊಟ್ಟು ಕೂಡಿಸುವಳು. "ನಮ್ಮಣ್ಣ ನೋಡ್ಯಾನೇನು?"

ನೋಡಿದ್ದಾನೆ ಎಂದು ಒಬ್ಬರು ಹೇಳಿದರು. ಸಂತೆಯಲ್ಲಿ ಹುಡುಗರು ಅವನ ಹಿಂದೆ ಅದೇ ಮಾತು ಕೂಗುತ್ತಾರೆ, ಅದಕ್ಕೆ ಅವನು ಈಗ ಸಂತೆಗೇ ಬರುವುದಿಲ್ಲ ಎಂದು ಇನ್ನೊಬ್ಬರು. ಆ ದಿನ ಅವಳು ಅಡುಗೆ ಮಾಡಲಿಲ್ಲ. ಗೋಡೆಯಾಚೆ ಸದ್ದೇ ಇಲ್ಲದ್ದು ಕಂಡು ನಾನು ಹೋಗಿ ನೋಡಿದೆ. ಹೊಸ್ತಿಲ ಮೇಲೆ ಕೂತಿದ್ದಳು.

"ಮಾಸ್ತರ, ನಾ ಯಾಕ ದೆವ್ವ ಆದೆ ಗೊತ್ತೇನು?" ಎಂದಳು. "ಅಂವ ನಾ ಸತ್ತೀನಿ ಅಂತ ನೀರ್ ಹಾಕ್ಕೊಂಡ. ಆಯ್ತು, ಸತ್ತೀನಿ. ಸತ್ತಾಕಿಗಿ ಸೀರಿ ತರಬೇಕೋ ಬ್ಯಾಡೋ? ಅದನ್ನೂ ತರಲಿಲ್ಲ. ಎರಡರಾಗ ಒಂದಾದ್ರೂ ಮಾಡ್ಲಿ. ಬದುಕ್ಯಾಳ ಅಂದು ಮನಿಗಿ ಕರೀಲಿ, ಇಲ್ಲಂದ್ರ ಸತ್ತಾಳಂದು ಸೀರಿ ತರಲಿ. ಎರಡೂ ಇಲ್ಲ ಅಂದ್ರ ನಾ ಎಲ್ಲಿದ್ದಂಗ?"

ಸಿನಿಮಾಕ್ಕೆ ಮಾತು ಬರೆದುಕೊಟ್ಟೆನೆಂದು ಬೀಗುತ್ತಿದ್ದ ನಾನು, ಅದು ಕೆಂಭಾವಿಯ ಒಂದೇ ಒಂದು ಮನೆಗೆಂದು ತೆಗೆದ ಸಿನಿಮಾ ಎಂಬುದನ್ನು ಅಂದು ತಿಳಿದೆ.

ಪಂಚಮಿ ಹಬ್ಬಕ್ಕೆ ನಮ್ಮ ಕಡೆ ಅಣ್ಣತಮ್ಮಂದಿರು ಬಂದು ಹೆಣ್ಣುಮಕ್ಕಳನ್ನು ತವರಿಗೆ ಕರೆದೊಯ್ಯುತ್ತಾರೆ. ಸಿನಿಮಾ ಬಂದ ಮೇಲೆ ಪ್ರತಿ ಪಂಚಮಿಗೂ ಅವಳು ಶೇಂಗಾದ ಉಂಡಿ ಕಟ್ಟಿ, ತಲೆ ಬಾಚಿಕೊಂಡು, ಬಸ್ಸು ನಿಲ್ಲುವ ಕಡೆಯ ಬೇವಿನ ಕಟ್ಟೆಗೆ ಹೋಗಿ ಕೂರುತ್ತಿದ್ದಳು. ಯಾಕೆ ಕೂತಿ ಎಂದರೆ "ಗಾಳಿಗಿ" ಎನ್ನುವಳು. ಸಂಜೆ ಮರಳಿ ಬಂದು ಉಂಡಿಯನ್ನೆಲ್ಲ ನಮ್ಮ ಮಕ್ಕಳಿಗೆ ಹಂಚುವಳು, ಏನೋ ಒಂದು ಹೇಳಿ ನಗಿಸುವಳು. ಆ ದಿನ ಮಾತ್ರ ಅವಳ ನಗು ಎರಡನೇ ಹಂತ ದಾಟುತ್ತಿರಲಿಲ್ಲ.

ಹಣಮಂತ ಎರಡನೇ ಭಾಗ ತೆಗೆಯುತ್ತೇನೆಂದು ಬೆನ್ನುಬಿದ್ದ. ಈ ಸಲ ದೊಡ್ಡ ಕ್ಯಾಮೆರಾ, ಹೈದರಾಬಾದಿನಿಂದ ಮೇಕಪ್ಪಿನವರು ಎಂದೆಲ್ಲ ಆಸೆ ತೋರಿಸಿದ. ಅವಳು ಒಪ್ಪಲಿಲ್ಲ.

"ಮೊದಲನೇದಕ್ಕೇ ಇನ್ನಾ ಜವಾಬ ಬಂದಿಲ್ಲೋ ತಮ್ಮ," ಎಂದಳು.

ಅವಳಿಗೆ ಜ್ವರ ಬಂದದ್ದು ನಾಟಿಯ ಕಾಲದಲ್ಲಿ. ಎರಡು ದಿನ ಬಿಟ್ಟರೆ ಹೋಗುತ್ತದೆ ಎಂದು ಗದ್ದೆಗೆ ಹೋದಳು. ಶಹಾಪುರದ ಆಸ್ಪತ್ರೆಗೆ ಸೇರಿಸುವಷ್ಟರಲ್ಲಿ ಕಣ್ಣು ಹಳದಿಯಾಗಿತ್ತು. ನರ್ಸುಗಳು ಅವಳನ್ನು ಗುರುತು ಹಿಡಿದು, ಒಮ್ಮೆ ಆ ಮಾತು ಹೇಳೆಂದು ಕೇಳಿದರು. ನನ್ನ ಹೆಂಡತಿ ಅವರ ಮೇಲೆ ಹರಿಹಾಯ್ದಳು. ದೇವಮ್ಮಕ್ಕ ಅವಳ ಕೈ ಹಿಡಿದು ತಡೆದು, ನರ್ಸುಗಳತ್ತ ತಿರುಗಿ, "ಅದು ಸುಮ್ಮಸುಮ್ಮನ ಬರೋದಿಲ್ರೆವ್ವ, ಎದುರಿಗಿ ಅಣ್ಣ ಬೇಕು" ಎಂದಳು. ಮನೆಗೆ ಕರೆದೊಯ್ಯಿರಿ ಎಂದು ಡಾಕ್ಟರು ಹೇಳಿದರು. ಕರೆತಂದೆವು. ಒಂದು ಬೆಳಗ್ಗೆ ನನ್ನ ಹೆಂಡತಿ ಗಂಜಿ ಕುಡಿಸಲು ಹೋದಾಗ ಅವಳಲ್ಲಿ ಉಸಿರಿರಲಿಲ್ಲ.

ಕೆಂಭಾವಿಗೆ ಸುದ್ದಿ ಮುಟ್ಟಿಸುವ ಕೆಲಸ ನನ್ನ ಪಾಲಿಗೆ ಬಂತು. ಭೀಮಣ್ಣನ ಮನೆಯ ನಂಬರು ಹುಡುಕಿ ಫೋನು ಮಾಡಿದೆ. ಯಾರೋ ಹೆಣ್ಣುಮಗಳು ಎತ್ತಿದಳು. "ದೇವಮ್ಮ ತೀರ್ಕೊಂಡಾಳ್ರಿ, ತವರಿನ ಸೀರಿ ತಗೊಂಡು ಬರ್ರಿ," ಎಂದೆ. ಆ ಕಡೆಯಿಂದ ಕಿಸಕ್ಕನೆ ನಗು ಬಂತು. ತಪ್ಪು ಅವಳದಲ್ಲ. ಸಿನಿಮಾದ ಮಂತ್ರವಾದಿ ಊರೂರಿಗೆ ಹೋಗಿ ಸಾರುವುದೂ ಹೆಚ್ಚುಕಡಿಮೆ ಇದೇ ಮಾತನ್ನೇ, ನನ್ನ ದನಿ ಆ ಸೀಮೆಗೆಲ್ಲ ಬಾಯಿಪಾಠ. "ಯಾರ್ರಿ ಇದು, ಚೇಷ್ಟಾ ಮಾಡಾಕತ್ತೀರೇನು?" ಎಂದಳು. ನಾನು ಮತ್ತೆ ಹೇಳಲು ಹೋದೆ, ಅಳು ಬಂತು. ಮಂತ್ರವಾದಿ ಅಳುವ ದೃಶ್ಯ ಸಿನಿಮಾದಲ್ಲಿ ಇಲ್ಲ. ಆಕೆ ನಗು ನಿಲ್ಲಿಸಿ ಫೋನನ್ನು ಯಾರಿಗೋ ಕೊಟ್ಟಳು.

"ಮಣ್ಣಿಗಿ ಅವಸರ ಮಾಡಬ್ಯಾಡ್ರಿ. ನಾ ಬರಾಕತ್ತೀನಿ," ಎಂದಿತು ಒಂದು ಮುದಿ ದನಿ.

ಅವನು ಬರುವುದಿಲ್ಲ ಎಂದೇ ಓಣಿಯವರೆಲ್ಲ ಅಂದುಕೊಂಡಿದ್ದರು. ನನ್ನ ಹೆಂಡತಿ ತನ್ನ ಪೆಟ್ಟಿಗೆಯಿಂದ ಒಂದು ಹೊಸ ಸೀರೆ ತೆಗೆದಿಟ್ಟುಕೊಂಡು ಕೂತಿದ್ದಳು. ಸೂರ್ಯ ನೆತ್ತಿಗೆ ಬಂದ. ಅದೇ ಮಟಮಟ ಮಧ್ಯಾಹ್ನ, ಓಣಿಯಲ್ಲಿ ನೆರಳೇ ಇಲ್ಲ. ಆಗ ಜೀಪೊಂದು ಬಂದು ನಿಂತಿತು. ಬಿಳಿ ರುಮಾಲಿನ ಎತ್ತರದ ಮುದುಕ ಕೋಲೂರಿ ಇಳಿದ. ಜಗಳಕ್ಕೆ ಹೊರಟವನಂತೆ ನಡೆದುಬಂದ. ಯಾರೂ ಪರಿಚಯ ಹೇಳಬೇಕಾಗಿರಲಿಲ್ಲ.

ನನಗೆ ಸಿಟ್ಟು ಬೇಗ ಬರುತ್ತದೆ, ಸಾವಿನ ಮನೆಯೆಂದೂ ನೋಡಲಿಲ್ಲ. ಬಾಗಿಲಿಗೆ ಅಡ್ಡ ನಿಂತು, "ಇಷ್ಟ್ ದಿನ ಎಲ್ಲಿದ್ರಿ ಯಜಮಾನ್ರ?" ಎಂದುಬಿಟ್ಟೆ. "ಸಾಯೋತನಕ ಆಕಿ ದಾರಿ ನೋಡಿದ್ಳು."

ಅವನು ಕೋಲನ್ನು ಗೋಡೆಗೆ ಒರಗಿಸಿದ. ಬಗಲಲ್ಲಿದ್ದ ಚೀಲದಿಂದ ಸೀರೆ ತೆಗೆದ. ಹಸಿರು ಮೈಯ, ಕೆಂಪು ಸೆರಗಿನ ಇಳಕಲ್ ಸೀರೆ. ಹೊಸದು, ಗಂಜಿ ಇನ್ನೂ ಹೋಗಿರಲಿಲ್ಲ. ಆದರೆ ಮಡಿಕೆಯ ಗೆರೆಗಳಲ್ಲಿ ಬಣ್ಣ ಮಾಸಿ ಬೆಳ್ಳಗಾಗಿತ್ತು. ಅಂಗಡಿಯಿಂದ ಇವತ್ತು ಬಂದ ಸೀರೆ ಅಲ್ಲ ಅದು. ವರ್ಷಗಟ್ಟಲೆ ಯಾವುದೋ ಟ್ರಂಕಿನ ತಳದಲ್ಲಿ ಇದ್ದದ್ದು.

"ಆ ಸಿನಿಮಾ ನೋಡಿದ ಮರುದಿನಾನೇ ಸುರಪುರಕ್ಕ ಹೋಗಿ ತಂದಿಟ್ಟೀನ್ರಿ ಮಾಸ್ತರ," ಎಂದ. "ಎಷ್ಟೋ ಪಂಚಮಿಗಿ ಬಗಲಾಗ ಇಟ್ಕೊಂಡು ಶಹಾಪುರದ ಬಸ್‌ಸ್ಟ್ಯಾಂಡ್ ತನಕ ಬಂದೀನಿ. ಅಲ್ಲಿಂದ ಮುಂದ ಕಾಲ್ ಏಳಲಿಲ್ಲ. ಆಕಿ ಕೇಳಿದ್ದು ಸತ್ತಾಕಿ ಸೀರಿ. ಜೀವಂತ ಇದ್ದಾಕಿ ಕೈಯಾಗ ಅದನ್ನ ಹ್ಯಾಂಗ ಇಡ್ಲಿ? ಒಮ್ಮಿ ನೀರ್ ಹಾಕ್ಕೊಂಡು ಸಾಯ್ಸಿದ್ದೆ. ಮತ್ತೊಮ್ಮಿ ಸೀರಿ ಕೊಟ್ಟು ಸಾಯ್ಸಬೇಕೇನು?"

"ಬರಿಗೈಲೆ ಆದ್ರೂ ಬರಬೇಕಿತ್ತಲ್ಲ?"

"ಬಂದ್ರ ಆಕಿ ಕೇಳಾಕಿನೇ. ಅಣ್ಣಾ, ತಂದೀಯೇನು ಅಂತ. ಇಲ್ಲ ಅಂತ ಹ್ಯಾಂಗ ಹೇಳ್ಲಿ, ಮನ್ಯಾಗ ಇಟ್ಟು?" ಎಂದ. "ತರದಿದ್ರ ಬದುಕಿರ್ತಾಳಂತ ಸುಮ್ಮನಿದ್ದೆ."

ನಾನು ಬಾಗಿಲು ಬಿಟ್ಟು ಸರಿದೆ. ಸೀರೆ ಬಂದರೆ ತಾನು ಅವನ ತಂಗಿಯಾಗಿ ಉಳಿದೆ ಎಂದು ಅವಳು ಕಾದಳು; ಸೀರೆ ಒಯ್ದರೆ ತಂಗಿ ಉಳಿಯುವುದಿಲ್ಲವೆಂದು ಅವನು ತಡೆದ. ಮೂವತ್ತು ಮೈಲಿಯೂ ಇರಲಿಕ್ಕಿಲ್ಲ ಎರಡೂರ ನಡುವೆ. ಮೇಲಾಗಿ ಅವನು ಕೊಂಡ ಸೀರೆಯನ್ನು ನೋಡಿ. ಸತ್ತವರಿಗೆ ಯಾರೂ ಅಂಥದ್ದನ್ನು ಆರಿಸುವುದಿಲ್ಲ. ಅದು ಪಂಚಮಿಗೆ ತಂಗಿ ಉಟ್ಟು ಜೋಕಾಲಿ ಆಡಲೆಂದು ಅಣ್ಣಂದಿರು ತರುವ ಸೀರೆ. ಅಂಗಡಿಯಲ್ಲಿ ಅವನ ಕೈಗೆ ಗೊತ್ತಿದ್ದದ್ದು ಅವನಿಗೆ ಗೊತ್ತಾಗಲಿಲ್ಲ.

ಅವನು ಒಳಗೆ ಹೋಗಿ ಅವಳ ಬಳಿ ಕೂತ. ಗಂಜಿ ಹಿಡಿದ ಹಳೆಯ ಮಡಿಕೆ ಸುಲಭಕ್ಕೆ ಬಿಡಿಸಿಕೊಳ್ಳಲಿಲ್ಲ. ಅವನು ಎರಡೂ ಕೈಯಲ್ಲಿ ಜಗ್ಗಿದ. ಸೀರೆ ಪರಪರ ಎಂದು ಬಿಚ್ಚಿಕೊಂಡಿತು. ಆ ಸದ್ದಿಗೆ ಅಲ್ಲಿ ಕೂತವರೆಲ್ಲ, ಅಳುತ್ತಿದ್ದ ಹೆಂಗಸರೂ, ಬಾಗಿಲಲ್ಲಿ ನಿಂತ ಹಣಮಂತ ಮಹಿಬೂಬರೂ, ಒಮ್ಮೆಗೇ ತಲೆಯೆತ್ತಿ ಅವಳ ಮುಖ ನೋಡಿದೆವು. ಎಲ್ಲರ ಬಾಯಲ್ಲೂ ಆ ಮಾತು ಬಂದು ನಿಂತಿತ್ತು. ಯಾರೂ ಆಡಲಿಲ್ಲ. ಭೀಮಣ್ಣ ಸೀರೆಯನ್ನು ಅವಳ ಕುತ್ತಿಗೆಯವರೆಗೆ ಹೊದಿಸಿ, ಮಲಗಿದ ಕೂಸಿಗೆ ಮಾಡುವಂತೆ ಅಂಚನ್ನು ಎರಡೂ ಕಡೆ ಒತ್ತಿದ. ಬಾಗಿ ಅವಳ ಕಿವಿಯ ಹತ್ತಿರ ಹೇಳಿದ.

"ತಂದೀನಿ ತಂಗಿ. ತಂದೀನಿ."

ಈಗ ನಾನು ಯಾದಗಿರಿಯಲ್ಲಿದ್ದೇನೆ, ಶಾಲೆಯಿಂದ ನಿವೃತ್ತಿಯಾಗಿದೆ. ಗೋಗಿಯ ಗದ್ದೆಯ ಕಡೆ ಹೋದರೆ ಎಮ್ಮೆಗಳು ಕೆನಾಲಿನಲ್ಲಿ ಆರಾಮಾಗಿ ಮಲಗಿರುತ್ತವೆ, ಅವುಗಳನ್ನು ಎಬ್ಬಿಸುವವರಿಲ್ಲ. ಸಿನಿಮಾ ಮಾತ್ರ ಸತ್ತಿಲ್ಲ. ಹೋದ ವಾರ ಶಹಾಪುರದ ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದಾಗ ಯಾರೋ ಕಾಲೇಜು ಹುಡುಗರು ನನ್ನನ್ನು ಗುರುತಿಸಿ, ಹಿಂದಿನಿಂದ ಕೂಗಿದರು.

"ಅಣ್ಣಾ, ಸೀರಿ ತಂದೀಯೇನು?"

ಮೊದಲಾದರೆ ಮಂತ್ರವಾದಿಯಂತೆ ಕೈ ಎತ್ತಿ ಓಡುವ ಆಟ ಆಡುತ್ತಿದ್ದೆ, ಅವರಿಗೂ ಅದೇ ಬೇಕಾಗಿತ್ತು. ಈಗ ತಿರುಗಿ ನಿಂತು, "ತಂದಾನಪ್ಪ, ತಂದಾನ" ಎಂದೆ. ಅವರಿಗೆ ಅರ್ಥವಾಗಲಿಲ್ಲ, ಸಿನಿಮಾದಲ್ಲಿ ಆ ಮಾತಿಲ್ಲ. ನನ್ನ ಬಸ್ಸು ಬಂತು, ಹತ್ತಿದೆ.